ಸಾಲ್ಜ್‌ಬರ್ಗಿನಲ್ಲಿ ಕೂರುವ ಜಾಗ

ನಿವೃತ್ತಿಗೆ ಅರವತ್ತು ತುಂಬಿರಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮನುಷ್ಯರಿಗಿಂತ ಮೊದಲು ಕೆಲಸಕ್ಕೇ ವಯಸ್ಸಾಗಿಬಿಟ್ಟರೆ ಅದನ್ನು ಮಾಡುತ್ತಿದ್ದವರು ನಿವೃತ್ತರೇ. ನನಗೆ ಮೂವತ್ತಮೂರಕ್ಕೆ ಹಾಗಾಯಿತು. ದೋಹಾದ ಅಲ್ ಮನ್ಸೂರಾದಲ್ಲಿ, ಕೆಳಗೆ ದೋಸೆ ಹೋಟೆಲು, ಪಕ್ಕದಲ್ಲಿ ಮನಿ ಎಕ್ಸ್‌ಚೇಂಜು ಇರುವ ಕಟ್ಟಡದ ಮೊದಲ ಮಹಡಿಯಲ್ಲಿ ನಮ್ಮ ಟ್ರಾವೆಲ್ ಆಫೀಸು. ಅದರೊಳಗೆ ಎರಡು ಮೇಜಿನ ಒಂದು ಮೂಲೆಗೆ ಆಸ್ಟ್ರಿಯಾ ಡೆಸ್ಕ್ ಎಂದು ಹೆಸರು. ಈಗ ಆ ಮೂಲೆಯಲ್ಲಿ ಕಾಫಿ ಮೆಷಿನ್ ಇದೆ. ಜನ ತಮ್ಮ ಪ್ರವಾಸವನ್ನು ತಾವೇ ಫೋನಿನಲ್ಲಿ ಕಟ್ಟಿಕೊಳ್ಳುತ್ತಾರೆ. ಮ್ಯಾನೇಜರು ನನಗೆ ವೀಸಾ ಕಾಗದ ಜೋಡಿಸುವ ಕುರ್ಚಿಯನ್ನು ತೋರಿಸಿದರು. ನಾನು ಬೇಡ ಎಂದು ಬಂದೆ.

ಮದೀನತ್ ಖಲೀಫಾದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಈಚೆಗೆ ಇಂಥದೇ ಒಂದು ಆಫೀಸಿಗೆ ಸೇರಿದಳು. “ಅಕ್ಕಾ, ಏನಾದ್ರೂ ಟಿಪ್ಸ್ ಇದ್ರೆ ಹೇಳಿ” ಎಂದಳು. ಟಿಪ್ಸ್ ಎಂದರೆ ಕಾರಣವನ್ನು ಬಿಟ್ಟು ತೀರ್ಮಾನವನ್ನಷ್ಟೇ ಕೈಗೆ ಕೊಡುವುದು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಅದಕ್ಕೇ ಇಷ್ಟು ಬರೆಯಬೇಕಾಯಿತು.

ಮೈಸೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯವಳು. ಚೀಟಿ ಎತ್ತಿದಾಗ ಪರ ಬರಲಿ, ವಿರೋಧ ಬರಲಿ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದೇ ನನ್ನ ಅಭಿಪ್ರಾಯವಾಗಿರುತ್ತಿತ್ತು. ಗೆದ್ದ ಷೀಲ್ಡುಗಳು ಈಗಲೂ ಅಮ್ಮನ ಟಿವಿ ಸ್ಟ್ಯಾಂಡಿನ ಮೇಲಿವೆ. ಗಂಡನ ಕೆಲಸದಿಂದಾಗಿ ದೋಹಾಕ್ಕೆ ಬಂದವಳು, ಮನೆಯಲ್ಲಿ ಕೂತು ಗೋಡೆಯ ಜೊತೆ ವಾದ ಮಾಡುವುದಕ್ಕಿಂತ ಇದು ವಾಸಿ ಎಂದು ಈ ಆಫೀಸಿಗೆ ಸೇರಿದೆ.

ನನಗಿಂತ ಮೇಲಿನವರು ಹಮೀದಾಕ. ಉಪ್ಪಿನಂಗಡಿಯವರು. ಮನೆಯವರ ಜೊತೆ ಬ್ಯಾರಿ, ಆಫೀಸಿನಲ್ಲಿ ಮಲಯಾಳ, ಗಿರಾಕಿಗಳ ಜೊತೆ ಅರಬ್ಬಿ, ನನ್ನ ಜೊತೆ ಕರಾವಳಿಯ ಕನ್ನಡ. ನಾವು ಅಣ್ಣ ಎನ್ನುವ ಕಡೆ ಅವರ ಕಡೆಯವರು ‘ಆಕ’ ಸೇರಿಸುತ್ತಾರೆ. ನಾನೂ ಹಾಗೇ ಕರೆದೆ. ನಾನು ಹುಟ್ಟುವ ಮೊದಲೇ ದೋಹಾಕ್ಕೆ ಬಂದಿದ್ದ ಮನುಷ್ಯ. ಕತಾರಿ ಕುಟುಂಬಗಳನ್ನು ಬೇಸಿಗೆಯಲ್ಲಿ ಆಸ್ಟ್ರಿಯಾಕ್ಕೆ, ಅದರಲ್ಲೂ ಸಾಲ್ಜ್‌ಬರ್ಗಿಗೆ ಕಳಿಸುವುದು ಅವರ ಕೆಲಸ. ಹಳೆಯ ಊರು, ಗುಡ್ಡದ ಮೇಲೆ ಕೋಟೆ, ನಡುವೆ ನದಿ, ಸುತ್ತ ಬೆಟ್ಟ ಮತ್ತು ಕೆರೆ.

ಮೊದಲ ಪಾಠ ಮೊದಲ ವಾರದಲ್ಲೇ ಆಯಿತು. ಒಂದು ಕುಟುಂಬಕ್ಕೆ ನಾನು ದಿನಚರಿ ಬರೆದಿದ್ದೆ. ಹವಾಮಾನ ನೋಡಿ, ಮಳೆಯ ದಿನಗಳಲ್ಲಿ ಮ್ಯೂಸಿಯಂ, ಒಣ ದಿನಗಳಲ್ಲಿ ಬೆಟ್ಟ. ಇದಕ್ಕಿಂತ ತರ್ಕಬದ್ಧವಾದದ್ದು ಇನ್ನೇನಿದೆ? ಹಮೀದಾಕ ಕನ್ನಡಕವನ್ನು ಹಣೆಗೆ ಏರಿಸಿ ಓದಿದರು.

“ಇದೆಂತ ಮಾರಾಯ್ತಿ, ಮಳೆ ಬರುವ ದಿನ ಎಲ್ಲ ಇವರನ್ನು ಒಳಗೆ ಹಾಕಿದ್ದು ಎಂತಕ್ಕೆ?”

“ಮಳೇಲಿ ಕೇಬಲ್ ಕಾರ್ ಹತ್ತಿ ಏನ್ ನೋಡ್ತಾರೆ ಹಮೀದಾಕ? ಮೋಡ ಅಷ್ಟೇ ತಾನೆ.”

“ಮೋಡ ನೋಡ್ಲಿಕ್ಕೇ ಹೋಗುದು ಅವರು. ಬಿಸಿಲು ಇಲ್ಲಿ ಫ್ರೀ ಸಿಗ್ತದೆ. ಕಿಟಕಿ ತೆಗೆದು ನೋಡು.”

ನಾನು ಪುರಾವೆ ಕೇಳಿದೆ. ಅವರು ಕೊಡಲಿಲ್ಲ, ದಿನಚರಿಯನ್ನು ತಿರುಗಿಸಿ ಬರೆದು ಕಳಿಸಿದರು. ಆ ಕುಟುಂಬ ಹಿಂದಿರುಗಿ ಬಂದು ಫೋನು ತೋರಿಸಿತು. ಕಾರಿನ ಗಾಜಿನ ಮೇಲೆ ಮಳೆ, ಛತ್ರಿಯ ಅಂಚಿನಲ್ಲಿ ಮಳೆ, ಹೋಟೆಲಿನ ಬಾಲ್ಕನಿಯಿಂದ ಕೈ ಚಾಚಿದ ಮಕ್ಕಳ ಅಂಗೈಯಲ್ಲಿ ಮಳೆ. ಆ ಊರಿನ ಮಳೆ ನಮ್ಮಂತೆ ಹೊಡೆಯುವುದಿಲ್ಲ, ಎಳೆ ಎಳೆಯಾಗಿ ನೂಲಿನಂತೆ ಇಳಿಯುತ್ತದೆ. ಕೋಟೆಯ ಚಿತ್ರ ಒಂದೂ ಇರಲಿಲ್ಲ. ಪುರಾವೆ ಸಾಕಾಯಿತು.

ಎರಡನೆಯ ಪಾಠಕ್ಕೆ ಹೆಚ್ಚು ದಿನ ಹಿಡಿಯಿತು. ಪ್ರವಾಸ ಮುಗಿಸಿ ಬಂದವರನ್ನು ಎಲ್ಲ ಆಫೀಸುಗಳಲ್ಲೂ ಏನು ನೋಡಿದಿರಿ, ಹೇಗಿತ್ತು ಎಂದು ಕೇಳುತ್ತಾರೆ. ಹಮೀದಾಕ ಅದನ್ನು ಕೇಳುತ್ತಲೇ ಇರಲಿಲ್ಲ. “ಎಲ್ಲಿ ಕೂತಿರಿ?” ಎಂದು ಕೇಳುತ್ತಿದ್ದರು.

ಕಾರಣವಿತ್ತು. ಇಲ್ಲಿಯ ಕುಟುಂಬ ಹೊರಗೆ ಹೋಗುವುದೆಂದರೆ ಚಾಪೆ ಹಾಸುವುದು. ಚಾಪೆಯ ಮೇಲೆ ಖರ್ಜೂರ, ಫ್ಲಾಸ್ಕಿನಲ್ಲಿ ಕಾಫಿ, ಇನ್ನೊಂದರಲ್ಲಿ ಚಹಾ, ಸೌತೆಕಾಯಿ, ಮಕ್ಕಳು. ಅಜ್ಜಿಯಿಂದ ಹಿಡಿದು ಮಗುವಿನ ತನಕ ಎಲ್ಲರೂ ಒಂದೇ ಚಾಪೆಯ ಮೇಲೆ ಗಂಟೆಗಟ್ಟಲೆ. ಅದಕ್ಕೆ ಹುಲ್ಲು ಬೇಕು, ನೀರು ಕಾಣಬೇಕು, ಹೆಂಗಸರು ನಿಶ್ಚಿಂತೆಯಾಗಿ ಕಾಲು ಚಾಚಬೇಕಾದರೆ ಸುತ್ತ ಜನ ಇರಬಾರದು. ಯುರೋಪಿನ ಯಾವ ಪುಸ್ತಿಕೆಯೂ ಇದನ್ನು ಹೇಳುವುದಿಲ್ಲ. ಅರಮನೆಯ ತೋಟದಲ್ಲಿ ಹೂವಿನ ಪಾತಿ ಚಂದ, ಹುಲ್ಲಿನ ಮೇಲೆ ಕಾಲಿಡುವಂತಿಲ್ಲ. ಕೋಟೆಯ ಮೇಲೆ ನೋಟ ಚಂದ, ಕೂರಲು ಕಲ್ಲು.

ಗೋಡೆಯ ಮೇಲೆ ಸಾಲ್ಜ್‌ಬರ್ಗ್ ಮತ್ತು ಸುತ್ತಲ ಸೀಮೆಯ ದೊಡ್ಡ ನಕ್ಷೆಯಿತ್ತು. ಪ್ಲಾಸ್ಟಿಕ್ ಹೊದಿಸಿದ್ದರಿಂದ ಪೆನ್ನು ಹಿಡಿಯುತ್ತಿರಲಿಲ್ಲ, ಕಾಂಕ್ರೀಟ್ ಗೋಡೆಗೆ ಪಿನ್ನು ಇಳಿಯುತ್ತಿರಲಿಲ್ಲ. ಅದಕ್ಕೆ ಹಮೀದಾಕ ಕಂಡುಕೊಂಡಿದ್ದ ಉಪಾಯ ಸ್ಟಿಕ್ಕರ್ ಬಿಂದಿ. ಕೂರಬಹುದಾದ ಜಾಗಕ್ಕೆ ಹಸಿರು, ಕೂರಬಾರದ ಜಾಗಕ್ಕೆ ಕೆಂಪು, ನೀರಿನ ಪೈಪು ಇರುವ ಶೌಚಾಲಯಕ್ಕೆ ಪುಟ್ಟ ಕಪ್ಪು. ಕೆಳಗಿನ ಫ್ಯಾನ್ಸಿ ಅಂಗಡಿಯವನು ಪ್ರತಿಸಲವೂ ಕೇಳುತ್ತಿದ್ದನಂತೆ, “ಹಮೀದಾಕ, ಈ ಸಲ ಯಾರಿಗೆ?”

“ಆಸ್ಟ್ರಿಯಾಕ್ಕೆ” ಎಂದು ಇವರು ಗಂಭೀರವಾಗಿ ಹೇಳುತ್ತಿದ್ದರಂತೆ.

ಈ ಪದ್ಧತಿಯ ಮೇಲೆ ನಾನು ಎಷ್ಟೋ ದಿನ ಜಗಳ ಕಾದಿದ್ದೇನೆ. “ಒಂದು ಕುಟುಂಬ ಚೆನ್ನಾಗಿದೆ ಅಂದ ತಕ್ಷಣ ಹಸಿರು ಅಂಟಿಸ್ತೀರಲ್ಲ, ಇನ್ನೊಬ್ರಿಗೆ ಅದು ಹಿಡಿಸ್ದೇ ಹೋದ್ರೆ?”

“ಹಿಡಿಸದಿದ್ದರೆ ಬಂದು ಹೇಳ್ತಾರೆ. ಆಗ ಕೆಂಪು ಹಾಕುದು. ಕೋಟೆ ಎಲ್ಲಿಗೂ ಹೋಗುದಿಲ್ಲ ವಸುಧಾ. ಹುಲ್ಲು ಹೋಗ್ತದೆ. ಅದಕ್ಕೆ ಕೇಳ್ತಾ ಇರ್ಬೇಕು.”

ಹೊಸಬರಿಗೆ ಒಂದು ನಗೆಯ ಪ್ರಸಂಗ ಹೇಳುತ್ತೇನೆ. ಊರಿನ ಹೊರಗೆ ಹೆಲ್‌ಬ್ರುನ್ ಎಂಬ ಹಳೆಯ ಅರಮನೆ. ಅಲ್ಲಿ ಯಾವುದೋ ಕಾಲದ ಬಿಷಪ್ಪನೊಬ್ಬ ಅತಿಥಿಗಳನ್ನು ನೆನೆಸಲೆಂದೇ ಕಾರಂಜಿಗಳನ್ನು ಮಾಡಿಸಿದ್ದಾನೆ. ಕಲ್ಲಿನ ಮೇಜು, ಸುತ್ತ ಕಲ್ಲಿನ ಪೀಠಗಳು. ಕೂತವರ ಅಡಿಯಿಂದ ನೀರು ಚಿಮ್ಮುತ್ತದೆ. ನಾವು ಕಳಿಸಿದ ಒಬ್ಬ ಹಿರಿಯರು, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಥೋಬ್ ತೊಟ್ಟವರು, ಕಾಲು ನೋವೆಂದು ಮೊದಲು ಸಿಕ್ಕ ಪೀಠದ ಮೇಲೆ ಕೂತಿದ್ದಾರೆ. ಹಿಂದಿರುಗಿ ಬಂದಾಗ ಹಮೀದಾಕ ವಾಡಿಕೆಯಂತೆ ಕೇಳಿದರು. ಆ ಹಿರಿಯರು ಸ್ವಲ್ಪ ಹೊತ್ತು ಇವರ ಮುಖ ನೋಡಿದರು.

“ಗೊತ್ತಿದ್ದೇ ಕೇಳುತ್ತಿದ್ದೀರಾ ಹಮೀದ್?” ಎಂದರು. ಜೊತೆಗೆ ಬಂದಿದ್ದ ಮೊಮ್ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಮೇಲೆ ಹಿರಿಯರಿಗೇ ನಗು ತಡೆಯಲಾಗಲಿಲ್ಲ. ಅವರು ಮೆಟ್ಟಿಲಿಳಿದ ಮೇಲೆ ಹಮೀದಾಕ ಡ್ರಾಯರಿನಿಂದ ಕೆಂಪು ಬಿಂದಿ ತೆಗೆದರು. ಅದು ನಕ್ಷೆಯ ಮೇಲಿನ ಅತಿ ದೊಡ್ಡ ಬಿಂದಿ, ಮದುಮಗಳ ಅಳತೆಯದು.

ಎಲ್ಲ ತಪ್ಪುಗಳೂ ಹೀಗೆ ನಗುವಿನಲ್ಲಿ ಮುಗಿಯಲಿಲ್ಲ. ಇನ್ನೊಂದು ಕುಟುಂಬ ಶನಿವಾರ ಸಂಜೆ ಇಳಿದಿತ್ತು. ಮಾರನೆಯ ಬೆಳಿಗ್ಗೆ ಫೋನು. ಯಜಮಾನರ ದನಿಯಲ್ಲಿ ಗಾಬರಿ. “ಈ ಊರಿನಲ್ಲಿ ಯಾರಾದರೂ ದೊಡ್ಡವರು ತೀರಿಕೊಂಡಿದ್ದಾರೆಯೇ? ಒಂದು ಅಂಗಡಿಯೂ ತೆರೆದಿಲ್ಲ. ಮಗುವಿಗೆ ಹಾಲಿಲ್ಲ.”

ಭಾನುವಾರವಾಗಿತ್ತು. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ಮುಚ್ಚುತ್ತವೆ. ಇದು ಗೊತ್ತಿಲ್ಲದ ಸಂಗತಿಯಲ್ಲ, ಆದರೆ ನೆನಪಾಗುವುದಿಲ್ಲ. ಇಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಊರೆಲ್ಲ ಆಫೀಸಿಗೆ ಓಡುತ್ತದೆ. ಅರಬ್ಬಿಯಲ್ಲಿ ಅದರ ಹೆಸರೇ ಒಂದನೆಯ ದಿನ. ಕೆಲವು ವರ್ಷ ಇಲ್ಲಿದ್ದರೆ ಭಾನುವಾರ ಎಂಬ ಮಾತಿಗೆ ನಾಲಿಗೆಯಲ್ಲಿ ಸೋಮವಾರದ ರುಚಿ ಬರುತ್ತದೆ. ಅಂದಿನಿಂದ ಹಮೀದಾಕ ಒಂದು ನಿಯಮ ಮಾಡಿದರು: ಶನಿವಾರವೇ ಹಾಲು, ಬ್ರೆಡ್ಡು, ಸೌತೆಕಾಯಿ ತಂದಿಟ್ಟುಕೊಳ್ಳಬೇಕು, ಭಾನುವಾರ ಊರು ಮಲಗಿರುತ್ತದೆ. ಈ ನಿಯಮವನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಈಗ ಉಮ್ಮ್ ನಾಸರ್ ಅವರ ಮಾತಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಬರೆದದ್ದು ಅವರಿಗಾಗಿ.

ನಾಸರನ ತಾಯಿ ಎಂದು ಆ ಹೆಸರಿನ ಅರ್ಥ, ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಾಗೆ. ಗಂಡ ಅಬೂ ನಾಸರ್ ಬದುಕಿದ್ದಾಗ ಇಬ್ಬರೂ ಪ್ರತಿ ಬೇಸಿಗೆಯಲ್ಲಿ ಸಾಲ್ಜ್‌ಬರ್ಗಿಗೆ ಹೋಗುತ್ತಿದ್ದರು. ಊರಿನ ಪೂರ್ವಕ್ಕೆ ಅರ್ಧ ಗಂಟೆಯ ದಾರಿ, ಫುಶ್ಲ್ ಎಂಬ ಕೆರೆ. ಅದರ ದಂಡೆಯಲ್ಲಿ, ರಸ್ತೆಯಿಂದ ನಾಲ್ಕು ಹೆಜ್ಜೆ ಕೆಳಗೆ, ಎರಡು ದೊಡ್ಡ ಮರಗಳ ನಡುವೆ ಒಂದು ಹುಲ್ಲುಹಾಸು. ನಕ್ಷೆಯ ಮೇಲಿನ ಮೊತ್ತಮೊದಲ ಹಸಿರು ಬಿಂದಿ ಅದು. ಅದನ್ನು ಅಂಟಿಸಲು ಕಾರಣವಾದ ಮಾತನ್ನು ಹಮೀದಾಕ ಒಮ್ಮೆ ನನಗೆ ಹೇಳಿದರು. ಅಬೂ ನಾಸರ್ ಒಬ್ಬರೇ ಆಫೀಸಿಗೆ ಬಂದಿದ್ದಾಗ, ಬಾಗಿಲ ಕಡೆ ಒಮ್ಮೆ ನೋಡಿ, ಹೇಳಿದ್ದಂತೆ: “ಅಲ್ಲಿ ಅವಳಿಗೆ ನಾನೇ ಚಹಾ ಬಗ್ಗಿಸಿ ಕೊಡುತ್ತೇನೆ ಹಮೀದ್. ಇಲ್ಲಿ ನಾನು ಫ್ಲಾಸ್ಕಿಗೆ ಕೈ ಹಾಕಿದರೆ ನಾಲ್ಕು ಜನ ಓಡಿ ಬರುತ್ತಾರೆ.”

ಅಬೂ ನಾಸರ್ ತೀರಿಕೊಂಡ ಮೇಲೆ ಎರಡು ಬೇಸಿಗೆ ಆ ಮನೆಯಿಂದ ಯಾರೂ ಹೋಗಲಿಲ್ಲ. ಮೂರನೆಯ ವರ್ಷ ಉಮ್ಮ್ ನಾಸರ್ ತಾವೇ ಫೋನು ಮಾಡಿದರು. ಅವರ ಮಂಡಿ ಹಾಳಾಗಿತ್ತು. ದೂರದ ಪ್ರಯಾಣ ಇದೇ ಕೊನೆಯದಿರಬಹುದು, ಮುಂದಿನ ವರ್ಷಕ್ಕೆ ಖಾತ್ರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಮೀದಾಕ ಸ್ಪೀಕರಿಗೆ ಹಾಕಿದ್ದರು.

“ಯಾ ಹಮೀದ್, ನನ್ನ ಹುಲ್ಲು ಇದೆಯಾ?”

“ಉಂಟು ಉಮ್ಮ್ ನಾಸರ್, ಅಲ್ಲೇ ಉಂಟು” ಎಂಬರ್ಥದಲ್ಲಿ ಇವರು ಅರಬ್ಬಿಯಲ್ಲಿ ಹೇಳಿದರು.

“ಒಮ್ಮೆ ಅಲ್ಲಿ ಕೂತು ಬರಬೇಕು. ನಾಸರನಿಗೆ ಹೇಳಿದರೆ ಅವನಿಗೆ ಅರ್ಥವಾಗುವುದಿಲ್ಲ. ನೀವು ಹೇಳಿ.”

ನಾಸರ್ ಹಿರಿಯ ಮಗ. ನಲವತ್ತರ ಆಸುಪಾಸು, ಒಳ್ಳೆಯ ಮನುಷ್ಯ, ಸಮಯ ವ್ಯರ್ಥವಾಗಬಾರದು ಎನ್ನುವ ಜಾತಿ. ಆಫೀಸಿಗೆ ಬಂದವರು ಫೋನು ತೆರೆದು ಮೇಜಿನ ಮೇಲಿಟ್ಟರು. ಕೋಟೆಗೆ ಹಳಿಯ ಮೇಲೆ ಹತ್ತುವ ಗಾಡಿ, ಉಂಟರ್ಸ್‌ಬರ್ಗ್ ಬೆಟ್ಟದ ಕೇಬಲ್ ಕಾರು, ಉಪ್ಪಿನ ಗಣಿಯೊಳಗೆ ಮರದ ಜಾರುಬಂಡೆ, ಹಿಮದ ಗುಹೆ, ಮಕ್ಕಳಿಗೆ ತಂತಿಯ ಮೇಲೆ ನೇತಾಡಿ ಕಣಿವೆ ದಾಟುವ ಆಟ. ಪ್ರತಿ ಬೆಳಿಗ್ಗೆ ಒಂದು, ಪ್ರತಿ ಮಧ್ಯಾಹ್ನ ಒಂದು. ಅಪ್ಪನ ಕಾಲದ ಪ್ರವಾಸವೇ ಬೇರೆ, ಇದು ಬೇರೆ. ಹೊಸಬರು ಗಮನಿಸಬೇಕು: ಆ ಹೊತ್ತಿಗಾಗಲೇ ಕೆಲಸದ ರೀತಿ ಬದಲಾಗಿತ್ತು. ಜನ ಫೋನಿನಲ್ಲಿ ಬೇರೆಯವರು ಕೊಟ್ಟ ನಕ್ಷತ್ರ ಎಣಿಸಿ ಜಾಗ ಆರಿಸುತ್ತಿದ್ದರು. ಹುಲ್ಲಿಗೆ ಯಾರೂ ನಕ್ಷತ್ರ ಕೊಡುವುದಿಲ್ಲ.

ಹಮೀದಾಕ ತಾಯಿಯ ಮಾತನ್ನು ಮೆತ್ತಗೆ ಮುಂದಿಟ್ಟರು. ಒಂದು ದಿನ ಖಾಲಿ ಬಿಡಬೇಕು, ಕೆರೆಯ ದಂಡೆಯಲ್ಲಿ ಕೂರಲಿಕ್ಕೆ.

“ಖಾಲಿ ದಿನ ಎಂದರೆ?” ನಾಸರ್ ಇಂಗ್ಲಿಷಿನಲ್ಲಿ, ನನಗೂ ತಿಳಿಯಲೆಂದು, ಕೇಳಿದರು. “ಅಷ್ಟು ದೂರ ಹೋಗಿ ಸುಮ್ಮನೆ ಕೂರುವುದಾದರೆ ಇಲ್ಲೇ ಕಾರ್ನಿಷ್ ಇದೆಯಲ್ಲ. ಅಲ್ಲೂ ಹುಲ್ಲಿದೆ, ಎದುರಿಗೆ ಸಮುದ್ರವಿದೆ.”

ಹಮೀದಾಕ ನನ್ನ ಕಡೆ ನೋಡಿದರು. ಚರ್ಚೆಗೆ ಕರೆ ಬಂದಂತಾಯಿತು.

“ಕಾರ್ನಿಷ್‌ನಲ್ಲಿ ನಿಮ್ಮ ತಾಯಿ ಚಾಪೆ ಹಾಸಿ ಕೂತರೆ ಎಷ್ಟು ಜನ ಬಂದು ಸಲಾಂ ಹೇಳ್ತಾರೆ ಸರ್?”

“ಗೊತ್ತಿರುವವರೆಲ್ಲ.”

“ಆ ಕೆರೆಯ ಹತ್ತಿರ?”

“ಯಾರು ಹೇಳುತ್ತಾರೆ? ಯಾರಿಗೂ ನಮ್ಮ ಗುರುತಿಲ್ಲ.”

“ಅಷ್ಟು ದೂರ ಹೋಗೋದು ಅದಕ್ಕೇ.”

ನಾಸರ್ ಹಮೀದಾಕನ ಕಡೆ ತಿರುಗಿ, “ಇವರು ವಕೀಲರಾ?” ಎಂದರು.

“ಅಲ್ಲ, ಮೈಸೂರಿನವರು” ಎಂದರು ಹಮೀದಾಕ.

“ಖಲಾಸ್, ಆಯಿತು. ಒಂದು ದಿನ. ಯಾವ ದಿನ?”

ಇಲ್ಲಿ ನಿಧಾನವಾಗಿ ಓದಿ. ಫೋನಿನ ಮೇಲೆ ಬೆರಳಾಡಿಸಿ ನಾಸರ್ ಹೇಳಿದರು, “ಭಾನುವಾರ ಇರಲಿ. ಅಂಗಡಿಗಳು ಮುಚ್ಚಿರುತ್ತವೆ ಎನ್ನುತ್ತೀರಿ. ಮಕ್ಕಳಿಗೂ ನಷ್ಟವಿಲ್ಲ.”

“ಅದು ಸರಿ. ಭಾನುವಾರ ಊರು ಮಲಗಿರ್ತದೆ. ಒಂದು ನರಪಿಳ್ಳೆ ಇರುದಿಲ್ಲ” ಎಂದು ಹಮೀದಾಕ ನನಗೆ ಕನ್ನಡದಲ್ಲಿ ಹೇಳಿ, ಅವರಿಗೆ ಅರಬ್ಬಿಯಲ್ಲಿ ಹೇಳಿದರು.

ನಾನು ಯೋಚಿಸಿದೆ. ಯೋಚಿಸಿಯೇ ತಲೆಯಾಡಿಸಿದೆ. ಹಮೀದಾಕ ಆ ಹುಲ್ಲನ್ನು ಕಣ್ಣಾರೆ ಕಂಡವರು. ಏಜೆಂಟರ ಜೊತೆ ನವೆಂಬರಿನಲ್ಲಿ ಹೋಗಿದ್ದಾಗ ಅಲ್ಲಿ ಕಾಗೆಯೂ ಇರಲಿಲ್ಲವಂತೆ. ನಾನೂ ಕಂಡಿದ್ದೆ. ಆಫೀಸು ನನ್ನನ್ನು ಒಂದು ಮೇ ತಿಂಗಳಲ್ಲಿ ಸೋಮವಾರದಿಂದ ಗುರುವಾರದ ತನಕ ಕಳಿಸಿತ್ತು. ಕೋಟೆಯ ಮೇಲಿಂದ ಹಸಿರು ಗುಮ್ಮಟಗಳನ್ನು ನೋಡಿದೆ, ನದಿಯ ದಂಡೆಯಲ್ಲಿ ಸೈಕಲ್ಲು ಹೊಡೆದೆ, ಬಸ್ಸು ಹತ್ತಿ ಆ ಕೆರೆಗೂ ಹೋದೆ. ಸೀಸೆಯ ಗಾಜಿನಂಥ ಹಸಿರು ನೀರು, ನೀರಿಗೆ ಚಾಚಿದ ಮರದ ಕಟ್ಟೆ, ಒಬ್ಬ ಮುದುಕ ಮತ್ತು ಅವನ ನಾಯಿ. ಅಷ್ಟೇ. ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ಇರುವಾಗ ಸಂಶಯಕ್ಕೆ ಎಡೆಯೆಲ್ಲಿ? ಅಂಗಡಿ ಮುಚ್ಚಿದ್ದರೆ ಜನರು ಮನೆಯಲ್ಲಿರುತ್ತಾರೆ, ಜನರು ಮನೆಯಲ್ಲಿದ್ದರೆ ಹುಲ್ಲು ಖಾಲಿಯಿರುತ್ತದೆ. ಯಾವ ತೀರ್ಪುಗಾರರ ಮುಂದೆಯೂ ನಿಲ್ಲುವ ಸರಪಳಿ.

ಆ ಭಾನುವಾರ ನಾವು ಎಂದಿನಂತೆ ಆಫೀಸಿನಲ್ಲಿದ್ದೆವು. ಮಧ್ಯಾಹ್ನದ ಹೊತ್ತಿಗೆ ಹಮೀದಾಕ ಗಡಿಯಾರ ನೋಡಿದರು.

“ಈಗ ಅಲ್ಲಿ ಚಾಪೆ ಹಾಸಿರ್ಬೇಕು. ಮಳೆ ಉಂಟಾ ನೋಡು.”

“ಇಲ್ಲ. ಬಿಸಿಲು.”

“ಛೇ. ಇರ್ಲಿ, ನೆರಳುಂಟು.”

ಆಮೇಲೆ ಫೋನು ಬಂತು, ವಿಡಿಯೋ. ನಾಸರ್ ರಸ್ತೆಯ ಬದಿಯಲ್ಲಿ ನಿಂತಿದ್ದರು. ಫೋನನ್ನು ತಿರುಗಿಸಿ ತೋರಿಸಿದರು. ರಸ್ತೆಯುದ್ದಕ್ಕೂ ಕಾರುಗಳು. ಕೆಳಗೆ ಹುಲ್ಲು ಕಾಣುತ್ತಲೇ ಇರಲಿಲ್ಲ. ಟವೆಲ್ಲಿಗೆ ಟವೆಲ್ಲು ತಾಗುವಂತೆ ಜನ, ಈಜುಡುಗೆಯಲ್ಲಿ ಗಂಡಸರು, ಹೆಂಗಸರು, ಮುದುಕರು, ಎಣ್ಣೆ ಹಚ್ಚಿಕೊಂಡು ಮಲಗಿದವರು, ನೀರಿಗೆ ಧುಮುಕುವ ಮಕ್ಕಳು, ನಾಯಿಗಳು. ಆ ಎರಡು ಮರಗಳ ನಡುವೆ ಯಾರೋ ಬಲೆ ಕಟ್ಟಿ ಚೆಂಡಾಡುತ್ತಿದ್ದರು.

“ಯಾ ಹಮೀದ್, ಇಡೀ ಆಸ್ಟ್ರಿಯಾ ಇಲ್ಲಿದೆ. ಅಮ್ಮ ಕಾರಿನಿಂದ ಇಳಿಯುವುದಿಲ್ಲ ಎನ್ನುತ್ತಾರೆ. ಬೇರೆ ಜಾಗ ಹೇಳಿ.”

ಹಮೀದಾಕ ಎದ್ದು ನಕ್ಷೆಯ ಮುಂದೆ ನಿಂತರು. ಹತ್ತಿರದ ಹಸಿರು ಬಿಂದಿಯ ಮೇಲೆ ಬೆರಳಿಟ್ಟು ದಾರಿ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಫೋನು. ಅಲ್ಲೂ ಜನ. ಇನ್ನೊಂದು ಬಿಂದಿ. ಅಲ್ಲೂ ಅದೇ. ಅವರ ಬೆರಳು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗುತ್ತಿತ್ತು. ಮಂಡಿನೋವಿನ ಆ ತಾಯಿ ಅಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಊರೂರು ತಿರುಗುತ್ತಿದ್ದರು. ವರ್ಷಗಟ್ಟಲೆ ಕೇಳಿ ಕೇಳಿ ಅಂಟಿಸಿದ ಬಿಂದಿಗಳು, ಒಂದೂ ಕೆಲಸಕ್ಕೆ ಬರಲಿಲ್ಲ.

“ಎಂತ ಆಯ್ತು ಇವರಿಗೆಲ್ಲ ಇವತ್ತು? ಹಬ್ಬವಾ?” ಎಂದರು ಹಮೀದಾಕ.

ಆಗ ನನಗೆ ಹೊಳೆಯಿತು. ಹೊಳೆಯಲು ಅದೊಂದು ದೊಡ್ಡ ಸಂಗತಿಯೂ ಅಲ್ಲ. ಹಿಂದಿನ ದಿನದ ಹಿಂದಿನ ದಿನ, ಶುಕ್ರವಾರ, ನಾನೂ ನನ್ನ ಗಂಡನೂ ಕಾರ್ನಿಷ್‌ಗೆ ಹೋಗಿ, ಆ ಸೆಕೆಯಲ್ಲೂ ಕೂರಲು ಒಂದು ಚಾಪೆಯಷ್ಟು ಹುಲ್ಲು ಸಿಗದೆ, ಸೂಕ್ ವಾಕಿಫ್ ಪೇಟೆಯ ಕಡೆ ನಡೆದು ಹೋಗಿದ್ದೆವು.

“ಹಮೀದಾಕ, ಅವ್ರಿಗೆ ಭಾನುವಾರ ಅಂದ್ರೆ ಶುಕ್ರವಾರ ಅಲ್ವಾ?”

ಅವರ ಬೆರಳು ನಕ್ಷೆಯ ಮೇಲೇ ನಿಂತಿತು.

ಅಂಗಡಿ ಮುಚ್ಚಿದ ಊರು ಮಲಗುವುದಿಲ್ಲ, ಬುತ್ತಿ ಕಟ್ಟಿಕೊಂಡ ಊರು ಕೆರೆಗೆ ಹೋಗುತ್ತದೆ. ರಜೆಯ ದಿನ ಜನ ಎಲ್ಲಿಗೆ ಹೋಗುತ್ತಾರೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಪ್ರತಿ ಶುಕ್ರವಾರ ನಾವೇ ಹೋಗುತ್ತಿದ್ದೆವು. ಆದರೆ ನಾಸರ್ ಹುಟ್ಟಿದಂದಿನಿಂದ, ಹಮೀದಾಕ ಬಂದಂದಿನಿಂದ, ಭಾನುವಾರವನ್ನು ಕೆಲಸದ ದಿನವಾಗಿ ಉಂಡವರು. ನಾನಾದರೂ ಭಾನುವಾರದ ರಜೆಯಲ್ಲಿ ಬೆಳೆದವಳು, ಮೈಸೂರಿನ ಮೃಗಾಲಯದ ಮುಂದಿನ ಭಾನುವಾರದ ಸಾಲು ನೋಡಿದವಳು. ಕೆಲವೇ ವರ್ಷಗಳಲ್ಲಿ ನನ್ನ ವಾರವೂ ತಿರುಗಿಬಿಟ್ಟಿತ್ತು. ಆ ಹಸಿರು ಬಿಂದಿಗಳಿಗೂ ಕಾರಣ ಹೊಳೆಯಿತು. ನಾಲ್ಕು ವಾರ ಉಳಿಯುವ ಹಳೆಯ ಕಾಲದ ಕುಟುಂಬಗಳು ಜನವಿಲ್ಲದ ದಿನ ನೋಡಿಕೊಂಡು ಕೂತಿದ್ದವು. ಹಮೀದಾಕ ಎಲ್ಲಿ ಎಂದು ಕೇಳಿದರು. ಯಾವತ್ತು ಎಂದು ಯಾರೂ ಕೇಳಿರಲಿಲ್ಲ. ಎಲ್ಲವನ್ನೂ ಪ್ರಶ್ನಿಸುತ್ತಿದ್ದ ನಾನೂ ಕೇಳಿರಲಿಲ್ಲ.

ನಾಸರ್ ಪ್ರವಾಸದಿಂದ ಬಂದು, ಚಾಕಲೇಟ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಕೂತರು. ಗುಹೆ ಚೆನ್ನಾಗಿತ್ತು ಎಂದರು, ಗಣಿ ಚೆನ್ನಾಗಿತ್ತು ಎಂದರು. ಹಮೀದಾಕ ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತಲೇ ಇದ್ದರು. ನಾನು ನೋಡಿದ ಹಾಗೆ ಅವರು ತಮ್ಮ ಪ್ರಶ್ನೆಯನ್ನು ಕೇಳದೆ ಬಿಟ್ಟದ್ದು ಅದೊಂದೇ ಸಲ.

“ಈ ಸಲ ಕೇಳಲೇ ಇಲ್ಲ ನೀವು” ಎಂದರು ನಾಸರ್.

“ಎಲ್ಲಿ ಕೂತಿರಿ ಎಂದು ಹೇಗೆ ಕೇಳಲಿ?”

“ಕಾರಿನಲ್ಲಿ. ಮತ್ತೆ ಆ ಮೊದಲ ಜಾಗಕ್ಕೇ ಕರೆದುಕೊಂಡು ಹೋಗು ಎಂದರು ಅಮ್ಮ. ರಸ್ತೆ ಬದಿಯಲ್ಲಿ ನಿಲ್ಲಿಸಿದೆ. ಗಾಜು ಅರ್ಧ ಇಳಿಸಿಕೊಂಡು ಕೂತರು. ಚಹಾ ನಾನೇ ಬಗ್ಗಿಸಿ ಕೊಟ್ಟೆ.” ಡಬ್ಬಿಯ ಮೇಲಿನ ರಿಬ್ಬನ್ನನ್ನು ಸುಮ್ಮನೆ ಬಿಚ್ಚಿ ಕಟ್ಟಿದರು. “ಸಕ್ಕರೆ ಎಷ್ಟು ಹಾಕಬೇಕು ಎಂದು ನನಗೆ ಗೊತ್ತಿರಲಿಲ್ಲ ಹಮೀದ್. ಅಮ್ಮನನ್ನೇ ಕೇಳಬೇಕಾಯಿತು.”

ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ವಾದಿಸಲು ಏನಾದರೂ ಇರುತ್ತಿತ್ತು.

ಅಂದಿನಿಂದ ನಾವು ಎರಡು ಪ್ರಶ್ನೆ ಕೇಳತೊಡಗಿದೆವು: ಎಲ್ಲಿ, ಯಾವತ್ತು. ಉತ್ತರ ಬಂದಂತೆಲ್ಲ ಬಿಂದಿಗಳ ಪಕ್ಕದಲ್ಲಿ ಪುಟ್ಟ ಕಾಗದದ ಚೂರಿನ ಮೇಲೆ ವಾರದ ಹೆಸರು ಬರೆದು ಅಂಟಿಸಿದೆ. ಪದ್ಧತಿ ಸುಧಾರಿಸಿತು, ನಕ್ಷೆ ನಿಜಕ್ಕೂ ಚೆನ್ನಾಯಿತು. ಅದರ ಮುಂದೆ ಬಂದು ನಿಲ್ಲುವವರು ಮಾತ್ರ ಕಡಿಮೆಯಾಗುತ್ತಾ ಹೋದರು.

ಆ ವರ್ಷದ ಚಳಿಗಾಲದಲ್ಲಿ ಉಮ್ಮ್ ನಾಸರ್ ಫೋನು ಮಾಡಿದರು. “ಯಾ ಹಮೀದ್, ಆ ಜನ ಕೆಲಸಕ್ಕೆ ಹೋಗುವುದು ಯಾವ ದಿನ?”

ಸೋಮವಾರದಿಂದ ಶುಕ್ರವಾರ ಎಂದರು ಇವರು.

“ಹಾಗಾದರೆ ಮಂಗಳವಾರ. ಒಂದು ಮಂಗಳವಾರ ನನಗೆ ಇಟ್ಟಿರಿ.”

ಇಟ್ಟೆವು. ಜೂನ್ ತಿಂಗಳಿನಲ್ಲಿ ಒಂದು ಮಂಗಳವಾರ. ಈ ಸಲ ನಾಸರ್ ಅವರ ಮನವೊಲಿಸಬೇಕಾಗಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ ಎರಡನ್ನೂ ಅವರೇ ಖಾಲಿ ಬಿಟ್ಟಿದ್ದರು. ಹುಲ್ಲಿನ ಮೇಲೆ ಇಡಬಹುದಾದ ಎತ್ತರದ ಮಡಿಚುವ ಕುರ್ಚಿ ಕೊಂಡಿದ್ದೇನೆ, ನೆಲಕ್ಕೆ ಕೂತರೆ ಅಮ್ಮನಿಗೆ ಏಳಲಾಗುವುದಿಲ್ಲ ಎಂದು ಹೇಳಿದರು. ಮೇ ಕೊನೆಯಲ್ಲಿ ಅವರದೇ ಫೋನು. ಅಮ್ಮ ಸ್ನಾನದ ಮನೆಯಲ್ಲಿ ಬಿದ್ದಿದ್ದಾರೆ, ಸೊಂಟ ಮುರಿದಿದೆ, ವಿಮಾನ ಹತ್ತುವ ಮಾತೇ ಇಲ್ಲ. ನಾನು ಹೋಟೆಲು ರದ್ದು ಮಾಡಿದೆ, ಕಾರು ರದ್ದು ಮಾಡಿದೆ, ಟಿಕೆಟ್ಟು ರದ್ದು ಮಾಡಿದೆ. ಮಂಗಳವಾರದ ಸಾಲಿಗೆ ಬಂದಾಗ ಕೈ ನಿಂತಿತು. ಅಲ್ಲಿ ರದ್ದು ಮಾಡಲು ಏನೂ ಇರಲಿಲ್ಲ. ಹುಲ್ಲಿನ ಮೇಲೆ ಕೂರಲು ಟಿಕೆಟ್ಟಿಲ್ಲ.

ಅದು ಹಮೀದಾಕನ ಕೊನೆಯ ಬೇಸಿಗೆ. ಅವರು ಊರಿಗೆ ಹೊರಟ ಮೇಲೆ ಆ ನಕ್ಷೆಯನ್ನು ನಾನು ಸುರುಳಿ ಸುತ್ತಿ ಮನೆಗೆ ತಂದೆ. ಪಕ್ಕದ ಮನೆಯ ಹುಡುಗಿಗೆ ತೋರಿಸಿದೆ. “ಇದೇನಕ್ಕಾ, ಬಿಂದಿ” ಎಂದು ನಕ್ಕಳು. ಅವಳಿಗೆ ಹೇಳುವುದು ಇಷ್ಟೇ: ಅಲ್ಲಿಯ ಕೋಟೆ, ಗುಹೆ, ಗಣಿ ಎಲ್ಲವನ್ನೂ ನಿನ್ನ ಗಿರಾಕಿಗಳು ನಿನ್ನ ಸಹಾಯವಿಲ್ಲದೆ ಹುಡುಕಿಕೊಳ್ಳುತ್ತಾರೆ. ಅವರಲ್ಲಿ ಒಬ್ಬರು ಏನನ್ನೋ ಕೇಳಲು ಬಂದು, ಮಗನ ಮುಂದೆ ಕೇಳಲಾಗದೆ, ಫೋನು ಮಾಡುತ್ತಾರೆ. ಅವರು ಹೇಳಿದ ಜಾಗವನ್ನು ಅವರ ಊರಿನ ವಾರದಲ್ಲಿ ನೋಡಬೇಡ, ಆ ಊರಿನ ವಾರದಲ್ಲಿ ನೋಡು. ಇದು ಟಿಪ್ಸ್ ಅಲ್ಲ, ಕಾರಣ ಮೇಲಿದೆ.

ಜೂನ್ ತಿಂಗಳ ಆ ಮಂಗಳವಾರ ನಾವಿಬ್ಬರೂ ಆಫೀಸಿನಲ್ಲಿದ್ದೆವು. ಹೊರಗೆ ಅಲ್ ಮನ್ಸೂರಾದ ರಸ್ತೆ ಬಿಸಿಲಿಗೆ ಬಿಳಿಚಿತ್ತು. ಕೆಳಗಿನ ಹೋಟೆಲಿನಿಂದ ತರಿಸಿದ ದೋಸೆ ಮೇಜಿನ ಮೇಲಿತ್ತು. ಹಮೀದಾಕ ಅದನ್ನು ಬಿಚ್ಚಿರಲಿಲ್ಲ.

“ಅಲ್ಲಿ ಹೇಗುಂಟು ನೋಡು” ಎಂದರು.

ನೋಡಿದೆ. “ಮಳೆ. ಬೆಳಿಗ್ಗೆಯಿಂದ ಬರ್ತಾ ಇದೆ. ಸಂಜೆ ತನಕ ಇರುತ್ತಂತೆ.”

ಅವರು ಕುರ್ಚಿಯನ್ನು ನಕ್ಷೆಯ ಕಡೆ ತಿರುಗಿಸಿಕೊಂಡರು.

“ಹಾಗಾದ್ರೆ ಆ ಹುಲ್ಲಲ್ಲಿ ಇವತ್ತು ಯಾರೂ ಇರ್ಲಿಕ್ಕಿಲ್ಲ.”